ಅರ್ಧ ಮಾತಿನ ಓಟ

“ಓಡೋವಾಗ ಈ ಕೈಗಳನ್ನ ಎಲ್ಲಿಟ್ಕೊಳ್ಳೋದು?”

ಅಂಚೆ ಕಚೇರಿಯ ಜಾಲರಿಯ ಹಿಂದೆ ಕುಳಿತಿದ್ದ ಜಕಾಯೊ ಕಿಪ್ಟಾಲಮ್ ಈ ಪ್ರಶ್ನೆಯನ್ನು ಯಾರನ್ನೂ ಕೇಳಲಿಲ್ಲ, ಗಾಳಿಯನ್ನು ಕೇಳಿದ. ಸ್ಟಾಂಪಿಗಾಗಿ ಕಾದು ನಿಂತಿದ್ದ ನಾನು ಹಿಂದೆ ಮುಂದೆ ನೋಡಿದೆ. ಕಚೇರಿಯಲ್ಲಿ ನಾವಿಬ್ಬರೇ. ಆದರೂ ಅವನ ಕಣ್ಣು ನನ್ನನ್ನು ದಾಟಿ, ಕಿಟಕಿಯನ್ನು ದಾಟಿ, ಕೆರಿಯೊ ಕಣಿವೆಯಿಂದ ಏಳುತ್ತಿದ್ದ ಮಂಜಿನಲ್ಲಿ ನಿಂತಿತ್ತು. ನಾನು ಇಗರ್ಜಿಯಲ್ಲಿ ಕೀರ್ತನೆ ಓದುವವನು. ಮನುಷ್ಯ ಮೇಲಿನವನ ಜೊತೆ ಮಾತಾಡುವಾಗ ನಡುವೆ ಬಾಯಿ ಹಾಕಬಾರದೆಂದು ಗೊತ್ತು.

ಕಪ್ಲೆಲ್ ಬೆಟ್ಟದಲ್ಲಿ ಇಂಥ ಪ್ರಶ್ನೆ ಕೇಳುವವನು ಇನ್ನೊಬ್ಬನಿಲ್ಲ. ನಮ್ಮಲ್ಲಿ ಹಾಲು ತರಲು ಹೋದವರು ಓಡುತ್ತ ಹೋಗುತ್ತಾರೆ, ತುಳುಕದಂತೆ ಓಡುತ್ತ ಬರುತ್ತಾರೆ. ಇಗರ್ಜಿಗೆ ತಡವಾದ ಅಜ್ಜಿಯರು ಓಡುತ್ತಾರೆ; ತಡವಾಗದವರು ಅವರಿಗೆ ಜೊತೆ ಕೊಡಲು ಓಡುತ್ತಾರೆ. ಕಿಪ್ಟಾಲಮ್ ಮಿಡತೆ ಬಂದ ವರ್ಷ ಹುಟ್ಟಿದವನು, ಹೆಸರಿನ ಅರ್ಥವೂ ಅದೇ. ಆದರೆ ಮಿಡತೆಯ ಗುಣ ಹೆಸರಿನಲ್ಲೇ ಉಳಿದು ಕಾಲಿಗೆ ಇಳಿಯಲಿಲ್ಲ. ನಲವತ್ತಮೂರು ವರ್ಷಗಳಲ್ಲಿ ಅವನು ಅತಿ ವೇಗವಾಗಿ ಮಾಡಿದ ಕೆಲಸವೆಂದರೆ ಲಕೋಟೆಯ ಮೇಲೆ ಮುದ್ರೆ ಒತ್ತಿದ್ದು.

ಹೀಗಿದ್ದೂ ಅವನು ಓಡಲೇಬೇಕಾಗಿತ್ತು. ಕಾರಣ, ಚಹಾ ಅಂಗಡಿಯ ಸಲೀನಾ ಜೆಬಿವೊಟ್.

ಸಲೀನಾಳಿಗೆ ಮನಸ್ಸಿತ್ತು. ಅವನಿಗೂ ಇತ್ತು. ಬೆಟ್ಟಕ್ಕೆಲ್ಲ ಗೊತ್ತಿತ್ತು. ಆದರೆ ಅವಳ ಅಪ್ಪ ಅರಪ್ ಚುಮೊ, ಎಂಬತ್ತಾರು ವರ್ಷದ ಮುದುಕ, ಹುಡುಗನ ಕೈಯಿಂದ ಸೋರೆಬುರುಡೆಯ ಹುಳಿಹಾಲು ಕುಡಿದರೆ ಮಾತ್ರ ಸಂಬಂಧ ಕೂಡುತ್ತದೆ. ಮುದುಕ ಕುಡಿಯುತ್ತಿರಲಿಲ್ಲ. ಯೌವನದಲ್ಲಿ ಬೆಟ್ಟದಿಂದ ಕಣಿವೆಗೆ ಟಪಾಲಿನ ಚೀಲ ಹೊತ್ತು ಓಡಿದವನು ಅವನು. ಮೊದಲ ಸಲ ಕಿಪ್ಟಾಲಮ್ ಹಾಲು ಹಿಡಿದು ಹೋದಾಗಲೇ ಹೇಳಿಬಿಟ್ಟಿದ್ದ:

“ನಾನು ಟಪಾಲು ಹೊತ್ಕೊಂಡು ಓಡ್ದೆ. ನೀನು ಟಪಾಲಿನ ಮೇಲೆ ಕೂತ್ಕೊಂಡಿದೀಯ. ಇಗರ್ಜಿ ಓಟ ಓಡು. ಶುರುವಿಂದ ನನ್ನ ಗೇಟಿನ ತನಕ, ಒಂದ್ಸಲಾನೂ ನಿಲ್ದೆ, ಕೂರ್ದೆ. ಆಮೇಲೆ ಹಾಲಿನ ಮಾತು.”

ಇಗರ್ಜಿ ಓಟವೆಂದರೆ ವರ್ಷಕ್ಕೊಮ್ಮೆ, ಮಾಡಿನ ದುರಸ್ತಿಗಾಗಿ, ಇಪ್ಪತ್ತೊಂದು ಕಿಲೋಮೀಟರ್. ಕಿಪ್ಟಾಲಮ್ ಮೂರು ವರ್ಷ ಓಡಿದ. ಮೊದಲ ವರ್ಷ ಏಳನೆಯ ಕಿಲೋಮೀಟರಿನ ಕಲ್ಲಿನ ಮೇಲೆ ಕುಳಿತ. ಎರಡನೆಯ ವರ್ಷ ಹನ್ನೆರಡನೆಯದರಲ್ಲಿ ಬೆಟ್ಟದ ಸರ್ಕಾರಿ ಅಧಿಕಾರಿ ಚೀಫ್ ಸಾಹೇಬರ ಜೀಪಿನಲ್ಲಿ ಕುಳಿತ. ಮೂರನೆಯ ವರ್ಷ ಹದಿನಾರನೆಯದರಲ್ಲಿ ಸಲೀನಾಳ ಅಂಗಡಿಯ ಬೆಂಚಿನ ಮೇಲೇ ಕುಳಿತು ಎರಡು ಚಹಾ, ಎಣ್ಣೆಯಲ್ಲಿ ಕರಿದ ಮೂರು ಮಂದಾಜಿ ಮುಗಿಸಿದ. ವರ್ಷಕ್ಕೆ ನಾಲ್ಕೈದು ಕಿಲೋಮೀಟರಿನ ಪ್ರಗತಿ. ನಮ್ಮ ಸರ್ಕಾರಿ ರಸ್ತೆಗಿಂತ ವಾಸಿ. ಆದರೆ ಮುದುಕನಿಗೆ ಸಹನೆ ಮುಗಿದಿತ್ತು.

“ಇದು ಕೊನೆ. ಈ ಸಲಾನೂ ಕೂತ್ರೆ, ಎಲ್ಡೊರೆಟ್‌ನ ಗಿರಣಿಯವನು ಭಾನುವಾರ ಬರ್ತಾನೆ. ಅವನ ಹಾಲು ಕುಡೀತೀನಿ.”

“ಅವನು ಓಡ್ತಾನಾ ಅಪ್ಪಾ?” ಎಂದು ಸಲೀನಾ ಕೇಳಿದಳು.

“ಅವನಿಗೆ ಲಾರಿ ಇದೆ. ಲಾರಿ ಓಡುತ್ತೆ.”

ಹೀಗಾಗಿ ಕಿಪ್ಟಾಲಮ್ ಕ್ಷೌರಿಕ ಬರ್ನಾಬಾನ ಕುರ್ಚಿಯಲ್ಲಿ ಕುಳಿತ. ಬರ್ನಾಬಾ ಒಂದು ಕಾಲದಲ್ಲಿ ಪರದೇಶಗಳಲ್ಲಿ ಓಡಿ ಬಂದವನು. ಮೊಣಕಾಲು ಕೈಕೊಟ್ಟ ಮೇಲೆ ಕತ್ತರಿ ಹಿಡಿದಿದ್ದ.

“ನಿನ್ನ ಓಟ ನೋಡಿದೀನಿ ಅಂಚೆಯಣ್ಣ,” ಎಂದ ನೊರೆ ಹಚ್ಚುತ್ತ. “ಕಾಲಲ್ಲಿ ಏನೂ ತಪ್ಪಿಲ್ಲ. ತಪ್ಪೆಲ್ಲ ಮುಖದಲ್ಲಿದೆ.”

“ನಾನೇನು ಮುಖದಲ್ಲಿ ಓಡ್ತೀನಾ?”

“ಮುಖದಲ್ಲೇ ಓಡೋದು ನೀನು. ಹಲ್ಲು ಕಚ್ಕೊಂಡು, ಹುಬ್ಬು ಗಂಟು ಹಾಕ್ಕೊಂಡು, ಭುಜ ಕಿವಿಗೆ ತಗುಲಿಸ್ಕೊಂಡು, ಯಾರಿಗೋ ಹೊಡೆಯೋಕೆ ಹೊರಟವನ ಥರ. ಏಳು ಕಿಲೋಮೀಟರಿಗೆ ಕೋಪ ಇಳಿಯುತ್ತೆ. ಜೊತೆಗೆ ನೀನೂ ಇಳೀತೀಯ.” ಕತ್ತಿಯನ್ನು ಗಂಟಲಿಗೆ ತಾಗಿಸಿದ. “ಈಗ ಮುಖ ಬಿಗಿ ನೋಡೋಣ.”

“ಇಲ್ಲಪ್ಪ,” ಎಂದ ಕಿಪ್ಟಾಲಮ್, ತುಟಿ ಅಲುಗಿಸದೆ.

“ಹಾಂ, ಇದೇ ಮುಖ! ಇದನ್ನೇ ಇಪ್ಪತ್ತೊಂದು ಕಿಲೋಮೀಟರ್ ಇಟ್ಕೋ. ದವಡೆ ಜೋತು ಬೀಳ್ಲಿ. ಭುಜ, ಹಗ್ಗದ ಮೇಲಿನ ಒದ್ದೆ ಬಟ್ಟೆ ಇದ್ದಂಗೆ ಇಳಿದಿರ್ಲಿ. ನೆತ್ತಿಗೆ ದಾರ ಕಟ್ಟಿ ಯಾರೋ ಮೇಲಿಂದ ಎಳೀತಿದಾರೆ ಅಂದ್ಕೋ. ಹೆಜ್ಜೆ ಚಿಕ್ಕದು, ಪಾದ ನಿನ್ನ ಕೆಳಗೇ ಬೀಳ್ಬೇಕು. ಇನ್ನು ಕೈ, ಮೊಣಕೈ ಹಿಂದಕ್ಕೆ ಆಡ್ಲಿ, ಬೆರಳಲ್ಲಿ ಒಂದು ಒಣಗಿದ ಎಲೆ ಹಿಡಿದಿದೀನಿ ಅಂದ್ಕೋ. ಬೀಳಲೂ ಬಾರ್ದು, ಪುಡಿಯಾಗಲೂ ಬಾರ್ದು. ಮನಸ್ಸಲ್ಲೇ ಪೋಲೆಪೋಲೆ ಅಂತಿರು. ಅಷ್ಟೇ.”

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳದಿದ್ದರೆ ಕಥೆ ಮುಂದೆ ಓಡುವುದಿಲ್ಲ. ನಮ್ಮ ಕಡೆ ‘ಪೋಲೆಪೋಲೆ’ ಎಂದು ಕೂಡಿಸಿ ಅಂದರೆ ‘ಮೆಲ್ಲಗೆ, ನಿಧಾನ’ ಎಂದರ್ಥ. ಅದನ್ನೇ ಅರ್ಧಕ್ಕೆ ಕಡಿದು ‘ಪೋಲೆ’ ಎಂದರೆ ‘ಅಯ್ಯೋ ಪಾಪ, ಹೀಗಾಗಬಾರದಿತ್ತು’ ಎಂದರ್ಥ. ಎಡವಿದವನಿಗೆ ಪೋಲೆ. ಜ್ವರ ಬಂದವನಿಗೆ ಪೋಲೆ. ಮನೆಯಲ್ಲಿ ಸಾವಾದವರ ಕೈ ಹಿಡಿದು, ದವಡೆ ಜೋಲಿಸಿ, ಕಣ್ಣು ಅರ್ಧ ಮುಚ್ಚಿ ಹೇಳುವುದೂ ಪೋಲೆ.

ಇನ್ನೊಂದು ಸಂಗತಿ. ಕಿಪ್ಟಾಲಮ್‌ಗೆ ‘ಅಂದುಕೊಳ್ಳುವುದು’ ಬರುವುದಿಲ್ಲ. ಇಪ್ಪತ್ತು ವರ್ಷ ಅಂಚೆಯಲ್ಲಿ ಕಳೆದವನು. ವಸ್ತು ಮೇಜಿನ ಮೇಲೆ ಬಂದು ಬಿದ್ದರೆ ಮಾತ್ರ ಅವನಿಗೆ ನಂಬಿಕೆ. ಎಲೆ ಅಂದುಕೋ ಎಂದರೆ ಅವನು ನಿಜವಾದ ಎಲೆ ಹಿಡಿದು ಅಭ್ಯಾಸ ಮಾಡಿದ. ಒಂದು ವಾರದಲ್ಲಿ ನಲವತ್ತು ಎಲೆ ಪುಡಿಯಾದವು. ಕೊನೆಗೆ ಎಲೆಯ ಬದಲು, ಬಂದ ತಂತಿಯನ್ನು ಹಾಕಿ ಕೊಡುವ ಕಂದು ಲಕೋಟೆಯೊಂದನ್ನು ಕಚೇರಿಯಿಂದ ತೆಗೆದುಕೊಂಡ. ನಮ್ಮಲ್ಲಿ ತಂತಿ ಬಂತೆಂದರೆ ಸಾವಿನ ಸುದ್ದಿಯೇ. ಮನಸ್ಸಿನಲ್ಲೇ ಅನ್ನು ಎಂದದ್ದನ್ನು ಬಾಯಲ್ಲೇ ಅನ್ನತೊಡಗಿದ.

ಶನಿವಾರ ಬೆಳಿಗ್ಗೆ ಬೆಟ್ಟ ಮಂಜಿನೊಳಗಿತ್ತು. ಮರಗಳಿಗೆ ಬುಡವಿರಲಿಲ್ಲ, ಇಗರ್ಜಿಗೆ ಶಿಲುಬೆಯಿರಲಿಲ್ಲ, ನಮಗೆ ಮೊಣಕಾಲಿನ ಕೆಳಗೆ ಏನೂ ಇರಲಿಲ್ಲ. ಸೀಟಿ ಊದಿದ್ದೇ ತಡ ಮುನ್ನೂರು ಜನ ಮಂಜಿನಲ್ಲಿ ಸಕ್ಕರೆಯಂತೆ ಕರಗಿದರು. ಉಳಿದವನು ಕಿಪ್ಟಾಲಮ್ ಒಬ್ಬನೇ. ದವಡೆ ಜೋತಿತ್ತು, ಭುಜ ಇಳಿದಿತ್ತು, ಬೆರಳ ತುದಿಯಲ್ಲಿ ಲಕೋಟೆಯಿತ್ತು. ಪೋಲೆಪೋಲೆ ಎನ್ನುತ್ತ ಅವನೂ ಮೆಲ್ಲಗೆ ಕರಗಿದ.

ಏಳನೆಯ ಕಿಲೋಮೀಟರಿನ ಕಲ್ಲು ಬಂತು, ಹೋಯಿತು. ಅವನು ಅದನ್ನು ನೋಡಲೇ ಇಲ್ಲ. ಪಾದದ ಸದ್ದು ಬೇರೆ ಯಾರದೋ ಎಂಬಂತೆ ಕೆಳಗೆಲ್ಲೋ ಕೇಳುತ್ತಿತ್ತು. ಹಸುಗಳು ಮಂಜಿನಿಂದ ಕತ್ತು ಚಾಚಿ ನೋಡಿ, ತಮ್ಮವನೇ ಎಂದುಕೊಂಡು ಮತ್ತೆ ಮೆಲುಕು ಹಾಕಿದವು.

ಹತ್ತನೆಯ ಕಿಲೋಮೀಟರ್ ದಾಟುವಾಗ ಉಸಿರು ಸಾಲದಾಯಿತು. ಪೋಲೆಪೋಲೆ ಎಂದು ಒಟ್ಟಿಗೆ ಹೇಳಲಾಗದೆ, ಅದನ್ನು ಎರಡು ಕಂತಿನಲ್ಲಿ ಹೇಳತೊಡಗಿದ. ಮೊದಲ ಪೋಲೆಗೂ ಎರಡನೆಯ ಪೋಲೆಗೂ ನಡುವೆ ಐವತ್ತು ಹೆಜ್ಜೆ. ನಮ್ಮ ಬೆಟ್ಟದಲ್ಲಿ ಮನೆಯಿಂದ ಮನೆಗೆ ಐವತ್ತು ಹೆಜ್ಜೆ. ಹೀಗಾಗಿ ಪ್ರತಿ ಮನೆಯ ಬಾಗಿಲಿಗೂ ಒಂದೊಂದೇ ಪೋಲೆ ಬಿತ್ತು. ದೇವರ ಲೆಕ್ಕ ಎಂದರೆ ಇದೇ ಇರಬೇಕು.

ಮೊದಲ ಬಾಗಿಲು ಮುದುಕಿ ತಪ್‌ಕಿಗೆನ್‌ಳದು. ಆಗಲೇ ಓಟ ಮುಗಿದು, ಗೆದ್ದವರು ಹಿಂತಿರುಗಿ ಬಂದು, ಅವಳ ಅಂಗಳದಲ್ಲಿ ಚಹಾ ಕುಡಿಯುತ್ತಿದ್ದರು. ಅಂಥ ಹೊತ್ತಿನಲ್ಲಿ ಮಂಜಿನೊಳಗಿಂದ ಅಂಚೆಯವನು, ಕೈಯಲ್ಲಿ ತಂತಿಯ ಲಕೋಟೆ, ಮುಖ ಜೋತಿದೆ, ಅವಳ ಕಡೆ ತಿರುಗಿದಂತೆ ಮಾಡಿ “ಪೋಲೆ” ಎಂದು ದಾಟಿಹೋದ.

ತಪ್‌ಕಿಗೆನ್ ಲೋಟ ಇಟ್ಟು ಓಡಿದಳು. ಎಪ್ಪತ್ತೆರಡರ ಮುದುಕಿ ನಾಲ್ಕೇ ಹೆಜ್ಜೆಯಲ್ಲಿ ಅವನ ಪಕ್ಕಕ್ಕೆ ಬಂದಳು.

“ಯಾರಪ್ಪ? ನಕುರುವಿನಲ್ಲಿರೋ ನನ್ನ ತಮ್ಮನಾ?”

ಐವತ್ತನೆಯ ಹೆಜ್ಜೆ ಬಂತು. “ಪೋಲೆ.”

“ಅಯ್ಯೋ ನನ್ನಪ್ಪಾ!”

“ಅಜ್ಜೀ, ಅವನು ಪೋಲೆ ಅಂದದ್ದು ನಮ್ಮನೆ ನೋಡಿ!” ಎಂದು ಮುಂದಿನ ಮನೆಯ ಬಡಗಿ ಉಳಿ ಹಿಡಿದೇ ಓಡಿಬಂದ. “ನಮ್ಮತ್ತೆಗೆ ಹೊಟ್ಟೆನೋವಿತ್ತು.”

“ನಿಮ್ಮತ್ತೆ ಹೊಟ್ಟೆನೋವಿಗೆ ತಂತಿ ಯಾಕಯ್ಯ ಬರುತ್ತೆ? ನನ್ನ ತಮ್ಮ ನಕುರುವಿನಲ್ಲಿ ದೊಡ್ಡ ಮನುಷ್ಯ!”

“ಸತ್ತೋರಲ್ಲೂ ದೊಡ್ಡಸ್ತಿಕೆನಾ?”

ಇಬ್ಬರೂ ಹೀಗೆ ತಮ್ಮ ತಮ್ಮ ಸಾವಿಗಾಗಿ ಜಗಳವಾಡುತ್ತ, ಉಸಿರಿಗೆ ಒಂದಿಷ್ಟೂ ತೊಂದರೆಯಿಲ್ಲದೆ, ಅವನ ಎಡಬಲಕ್ಕೆ ಓಡಿದರು. ಮುಂದಿನ ಮನೆಗೂ ಪೋಲೆ. ಅದರ ಮುಂದಿನದಕ್ಕೂ ಪೋಲೆ. ಮನೆಮನೆಯಿಂದ ಜನ ಸೇರಿದರು. ಓಟ ಮುಗಿಸಿ ಬಂದಿದ್ದ ನಾನೂ ಸೇರಿದೆ. ಕಿಪ್ಟಾಲಮ್ ಮಾತ್ರ ಯಾವುದೋ ಕನಸಿನ ಅಂಚಿನಲ್ಲಿ ತೇಲುತ್ತಿದ್ದ.

ನಮ್ಮ ಬೆಟ್ಟದಲ್ಲಿ ಒಂದು ಕಟ್ಟಳೆಯಿದೆ. ಸಾವಿನ ಸುದ್ದಿ ಹೊತ್ತವನನ್ನು ಮುಟ್ಟಬಾರದು, ದಾಟಿ ಮುಂದೆ ಹೋಗಬಾರದು. ದಾಟಿದರೆ ಸುದ್ದಿ ದಾಟಿದವನ ಮನೆಗೇ ತಿರುಗುತ್ತದೆ. ಆದ್ದರಿಂದ ಆ ಬೆಳಿಗ್ಗೆ ಪರದೇಶದವರ ಬೆವರಿಳಿಸಬಲ್ಲ ಕಾಲುಗಳೆಲ್ಲ ಅಂಚೆ ಗುಮಾಸ್ತನ ಹಿಂದೆ, ಅವನ ವೇಗದಲ್ಲೇ, ಓಡಬೇಕಾಯಿತು. ಅಷ್ಟು ನಿಧಾನ ಅವರಿಗೆ ಅಭ್ಯಾಸವಿರಲಿಲ್ಲ. ಅಂದಿನ ಓಟ ಗೆದ್ದವನು ಎರಡೇ ಕಿಲೋಮೀಟರಿಗೆ ಮೀನಖಂಡ ಹಿಡಿದುಕೊಂಡು ಬೇಲಿಗೆ ಒರಗಿದ.

ಹದಿನಾಲ್ಕನೆಯ ಕಿಲೋಮೀಟರಿನಲ್ಲಿ ಚೀಫ್ ಕಿಬೊರ್ ಸಾಹೇಬರು ಸಮವಸ್ತ್ರದಲ್ಲಿ ಬಂದು ಪಕ್ಕದಲ್ಲಿ ಓಡಿದರು.

“ಏನ್ರೀ ಕಿಪ್ಟಾಲಮ್, ಸರ್ಕಾರದ ಹೆಸರಲ್ಲಿ ಹೇಳ್ತಿದೀನಿ, ನಿಲ್ಲಿ. ತಂತಿ ಯಾರಿಗೆ?”

ಕಿಪ್ಟಾಲಮ್ ನಿಲ್ಲುವಂತಿರಲಿಲ್ಲ. “ಪೋಲೆ,” ಎಂದ.

ಚೀಫ್ ಟೋಪಿ ತೆಗೆದರು. “ನನಗೂ ಪೋಲೆ ಅಂತಾನಲ್ರೀ! ತಪ್‌ಕಿಗೆನ್‌ಗೂ ಅಂದ, ಬಡಗಿಗೂ ಅಂದ. ಅಂದ್ರೆ ಸತ್ತೋರು ಒಬ್ರ ಮನೆಯೋರಲ್ಲ, ಎಲ್ಲರ ಮನೆಯೋರು.” ತನಿಖೆ ಚುರುಕಾಯಿತು. “ಇಡೀ ಬೆಟ್ಟಕ್ಕೆ ಸೇರಿದ ಹಿರೀಕ ಯಾರು? ಈ ದಾರಿ ಎಲ್ಲಿಗೆ ಹೋಗುತ್ತೆ?”

ಎಲ್ಲರ ಕಣ್ಣೂ ದಾರಿಯ ಕೊನೆಗೆ ಹೋಯಿತು. ಅಲ್ಲಿ ಶಾಲೆ ಮೈದಾನದ ಪಕ್ಕ ಅರಪ್ ಚುಮೊನ ಗೇಟು.

“ಅಜ್ಜ ಹೋದ್ರಾ?” ಎಂದಳು ತಪ್‌ಕಿಗೆನ್. ತಮ್ಮ ಬದುಕಿದ್ದಾನೆಂಬ ಸಮಾಧಾನ ಮತ್ತು ದುಃಖ ಎರಡೂ ಒಂದೇ ಉಸಿರಿನಲ್ಲಿ ಬಂದವು. “ಮೊನ್ನೆ ತಾನೆ ನನ್ನ ಉಗಾಲಿ ಮುದ್ದೆ ಗಟ್ಟಿ ಆಯ್ತು ಅಂತ ಬೈದ್ರಲ್ಲಪ್ಪ!”

ಆಮೇಲೆ ಸರ್ಕಾರ ಕೈಹಾಕಿತು. ಜೀಪು ಇನ್ನೊಂದು ರಸ್ತೆಯಿಂದ ಹೋಗಿ ಜಿಲ್ಲಾಧಿಕಾರಿಗೆ ಫೋನು ಮಾಡಿಸಿತು. ಪಿಕಪ್ ಗಾಡಿಯಲ್ಲಿ ಶಾಮಿಯಾನ, ನೂರು ಕುರ್ಚಿ ಬಂದು ಸೇರಿತು. ಹೋರಿಯೊಂದನ್ನು ಹಗ್ಗ ಹಿಡಿದು ಓಡಿಸಿಕೊಂಡು ತಂದರು. ಚೀಫ್ ನನ್ನ ಕಡೆ ತಿರುಗಿ, “ಕೀರ್ತನೆ ಮಾಮ, ಎತ್ಕೊಳ್ಳಿ,” ಎಂದರು. ನಾನು ಎತ್ತಿಕೊಂಡೆ. ಕತ್ತಲೆಯ ಕಣಿವೆ ದಾಟಿ ಮನೆಗೆ ಹೋಗುವವರ ಹಾಡು. ತಾಳ ಬಹಳ ನಿಧಾನ. ಇನ್ನೂರು ಕಂಠ ಮಂಜಿನಲ್ಲಿ ಸೇರಿದವು. ಈ ಬೆಟ್ಟದ ಜನ ಅಷ್ಟು ಚೆನ್ನಾಗಿ ಹಾಡಿದ್ದನ್ನು ನಾನು ಎಂದೂ ಕೇಳಿಲ್ಲ. ಹಾಡಿನ ತಾಳವೂ ಕಿಪ್ಟಾಲಮ್‌ನ ಹೆಜ್ಜೆಯೂ ಒಂದಾದವು. ಅವನ ಬೆನ್ನು ನೆಟ್ಟಗಾಯಿತು. ಯಾರೋ ನಿಜವಾಗಿಯೂ ನೆತ್ತಿಗೆ ದಾರ ಕಟ್ಟಿ ಎಳೆದಂತಿತ್ತು.

ಹದಿನಾರು. ಸಲೀನಾ ಅಂಗಡಿಯ ಬೆಂಚುಗಳನ್ನೆಲ್ಲ ತಲೆಕೆಳಗು ಮಾಡಿಟ್ಟು, ಒಲೆ ಆರಿಸಿ, ಕೈಕಟ್ಟಿ ನಿಂತಿದ್ದಳು. ಮಂಜಿನಿಂದ ಮೊದಲು ಅವಳ ಕಿಪ್ಟಾಲಮ್ ಬಂದ. ಹಿಂದೆ ಇಡೀ ಬೆಟ್ಟ ಅಳುತ್ತ ಬಂತು.

ತಪ್‌ಕಿಗೆನ್ ಅವಳನ್ನು ತಬ್ಬಿಕೊಂಡಳು. “ಧೈರ್ಯ ತಂದ್ಕೊ ಮಗಳೇ. ನಿಮ್ಮಪ್ಪ…”

“ಅಪ್ಪನಿಗೆ ಏನಾಯ್ತು?”

“ಹೋದ್ರಮ್ಮ!”

ಸಲೀನಾ ಅಪ್ಪನಿಗೆ ಗಂಜಿ ಕೊಟ್ಟು ಬಂದು ಇನ್ನೂ ಕಾಲು ಗಂಟೆಯಾಗಿರಲಿಲ್ಲ. ಗಂಜಿಗೆ ಉಪ್ಪು ಕಮ್ಮಿ ಎಂದು ಅವನು ಕೂಗಿದ್ದು ಅವಳ ಕಿವಿಯಲ್ಲಿ ಇನ್ನೂ ಇತ್ತು. ಅವಳು ಬಾಯಿ ತೆರೆದಳು. ಆ ಒಂದು ಮಾತು ಹೊರಟಿದ್ದರೆ ಹಾಡು ನಿಲ್ಲುತ್ತಿತ್ತು. ಜನ ನಗುತ್ತ ಮನೆಗೆ ತಿರುಗುತ್ತಿದ್ದರು. ಕಿಪ್ಟಾಲಮ್ ಕಣ್ಣು ಬಿಟ್ಟು ಸುತ್ತ ನೋಡಿ, ಒಬ್ಬನೇ ಉಳಿದು, ಎಲ್ಲಾದರೂ ಕೂರುತ್ತಿದ್ದ. ಅವಳು ಅವನ ಹೆಜ್ಜೆ ನೋಡಿದಳು, ಲಕೋಟೆ ನೋಡಿದಳು. ತೆರೆದ ಬಾಯಲ್ಲಿ ಹಾಡಿನ ಎರಡನೆಯ ಚರಣ ಎತ್ತಿಕೊಂಡಳು, ಎಲ್ಲರಿಗಿಂತ ಗಟ್ಟಿಯಾಗಿ.

“ಎಂಥ ಗಟ್ಟಿ ಜೀವ ನೋಡ್ರೀ,” ಎಂದರು ಚೀಫ್, ಕಣ್ಣೊರೆಸಿಕೊಂಡು.

ಹತ್ತೊಂಬತ್ತರಲ್ಲಿ ಏರು. ಕಿಪ್ಟಾಲಮ್ ಹೆಜ್ಜೆ ಎಳೆಯತೊಡಗಿದ. ಭುಜ ಮೆಲ್ಲಗೆ ಕಿವಿಯ ಕಡೆ ಏರತೊಡಗಿತು. ಪಿಕಪ್ಪಿನಲ್ಲಿದ್ದವರಿಗೆ ಕರುಣೆ ಉಕ್ಕಿತು. “ಪಾಪ, ದುಃಖಕ್ಕೆ ಕಾಲು ಬರ್ತಿಲ್ಲ. ಒಂದ್ನಿಮಿಷ ಕೂತ್ಕೊಳ್ಳಣ್ಣ,” ಎನ್ನುತ್ತ ಒಂದು ಕುರ್ಚಿಯನ್ನು ಇಳಿಸಿ, ಅವನನ್ನು ದಾಟದೆ ಪಕ್ಕದಿಂದಲೇ ಕೈ ಚಾಚಿ, ಅವನ ದಾರಿಗೆ ಸರಿಯಾಗಿ ಇಟ್ಟೇಬಿಟ್ಟರು. ಕುರ್ಚಿಗೆ ಮೆತ್ತೆಯೂ ಇತ್ತು. ಜಿಲ್ಲಾಧಿಕಾರಿಗೆಂದು ತಂದದ್ದು.

ಮೂರು ವರ್ಷ ಅವನನ್ನು ಸೋಲಿಸಿದ್ದು ಬೇರೇನೂ ಅಲ್ಲ, ಇದೇ. ಕಿಪ್ಟಾಲಮ್ ಕುರ್ಚಿ ನೋಡಿದ. ಅವನ ಸೊಂಟ ತಾನಾಗಿಯೇ ಬಾಗತೊಡಗಿತು.

“ದವಡೆ!” ಎಂದು, ಬರ್ನಾಬಾನ ಪಾಠವನ್ನೆಲ್ಲ ಅವನ ಬಾಯಿಂದ ಕೇಳಿದ್ದ ಸಲೀನಾ ಹಾಡಿನ ರಾಗದಲ್ಲೇ ಕೂಗಿ, ಕಾಲಿನಿಂದ ಕುರ್ಚಿಯನ್ನು ಚರಂಡಿಗೆ ತಳ್ಳಿದಳು. “ದವಡೆ ಬಿಡೀ, ಭುಜ ಇಳಿಸೀ!”

ಹಿಂದಿನವರು ಅದೂ ಕೀರ್ತನೆಯ ಸಾಲೆಂದೇ ತಿಳಿದು, ದವಡೆ ಬಿಡೀ ಭುಜ ಇಳಿಸೀ ಎಂದು ಮೂರು ಸಲ ಭಕ್ತಿಯಿಂದ ಹಾಡಿದರು. ದವಡೆ ಜೋತಿತು. ಭುಜ ಇಳಿಯಿತು. ಏರು ಕೆಳಗೆ ಉಳಿಯಿತು.

ಗೇಟಿನ ಪಕ್ಕದ ಕಲ್ಲಿನ ಮೇಲೆ ಅರಪ್ ಚುಮೊ ಕೋಲಿನ ಮೇಲೆ ಗಲ್ಲವಿಟ್ಟು ಕುಳಿತಿದ್ದ. ಮಂಜಿನಿಂದ ಹಾಡು ಬಂತು, ಜನ ಬಂದರು, ಶಾಮಿಯಾನ ಬಂತು, ಹೋರಿ ಬಂತು. ಮುದುಕ ಎದ್ದು ಗೌರವದಿಂದ ಟೋಪಿ ತೆಗೆದ.

“ಯಾರು ಹೋದ್ರು?”

ಹಾಡು ಒಂದೊಂದೇ ಕಂಠದಲ್ಲಿ ಸತ್ತಿತು.

“ಇಷ್ಟು ಜನ ಸೇರಿದಾರೆ ಅಂದ್ಮೇಲೆ ದೊಡ್ಡ ಮನುಷ್ಯನೇ ಇರ್ಬೇಕು. ನನಗ್ಯಾರೂ ಹೇಳ್ಲೇ ಇಲ್ವಲ್ಲ?”

“ಅಜ್ಜಾ,” ಎಂದಳು ತಪ್‌ಕಿಗೆನ್ ಮೆಲ್ಲಗೆ, “ನೀವೇ.”

“ನಾನೇ ಏನು?”

“ಹೋಗಿದ್ದು.”

ಆ ಹೊತ್ತಿಗೆ ಕಿಪ್ಟಾಲಮ್ ಬಂದು ಗೇಟಿನ ಕಂಬ ಮುಟ್ಟಿದ. ನಿಂತ. ಹತ್ತು ಕಿಲೋಮೀಟರಿನಿಂದ ಸಿಗದಿದ್ದ ಉಸಿರು ಈಗ ಸಿಕ್ಕಿತು, ಮಾತು ಪೂರ್ತಿಯಾಯಿತು. “ಪೋಲೆಪೋಲೆ,” ಎಂದ.

ಇನ್ನೂರು ತಲೆಗಳೊಳಗೆ ಎರಡು ಅರ್ಧಗಳು ಒಂದಾದ ಸದ್ದು ನನಗೆ ಕೇಳಿಸಿತು.

“ಮೆಲ್ಲಗೆ ಅಂತಿದ್ನಾ ಇವ್ನು?” ಎಂದ ಬಡಗಿ.

ಅರಪ್ ಚುಮೊ ಲಕೋಟೆಗೆ ಕೈ ಚಾಚಿದ. ತೆರೆದ. ಒಳಗೆ ಏನೂ ಇರಲಿಲ್ಲ. ಜನ ಕತ್ತು ಚಾಚಿ ಒಳಗೆ ಇಣುಕಿದರು. ಮುದುಕ ಮಾತ್ರ ಒಳಗೆ ನೋಡುವುದನ್ನು ಬಿಟ್ಟು ಲಕೋಟೆಯನ್ನೇ ತಿರುಗಿಸಿ ತಿರುಗಿಸಿ ನೋಡಿದ. ಅಂಚಿನ ಮೇಲೆ ಹೆಬ್ಬೆರಳು ಎಳೆದ. ಬೆಳಕಿಗೆ ಹಿಡಿದ.

“ಇದನ್ನ ಇಗರ್ಜಿಯಿಂದ ತಂದ್ಯಾ?”

“ಹೂಂ ಅಜ್ಜ.”

“ಒಂದು ಸುಕ್ಕಿಲ್ಲ. ಬೆವರಿನ ಕಲೆ ಇಲ್ಲ.” ಅವನ ದನಿ ಬದಲಾಗಿತ್ತು. “ಹದಿನೆಂಟು ವರ್ಷ ಚೀಲ ಹೊತ್ತೆ. ಇಷ್ಟು ನೆಟ್ಟಗೆ ಒಂದು ಕಾಗದಾನೂ ಮುಟ್ಟಿಸ್ಲಿಲ್ಲ ನಾನು. ಎಲ್ಲಾದ್ರೂ ಕೂತ್ಯಾ?”

“ಕುರ್ಚಿ ಕೊಟ್ರೂ ಕೂರ್ಲಿಲ್ಲ ಅಪ್ಪಾ,” ಎಂದಳು ಸಲೀನಾ.

“ನೀನೂ ಅಳ್ತಾ ಬಂದ್ಯಾ ಇವರ ಜೊತೆ?”

“ಅಳ್ಲಿಲ್ಲ. ಹಾಡ್ದೆ.”

ಮುದುಕ ತಾನು ಕುಳಿತಿದ್ದ ಕಲ್ಲನ್ನು ಕೋಲಿನಿಂದ ತೋರಿಸಿದ. “ಕೂತ್ಕೋ,” ಎಂದ ಕಿಪ್ಟಾಲಮ್‌ಗೆ. ಕಿಪ್ಟಾಲಮ್ ಕುಳಿತ. ಯಾವ ಅರಸನೂ ಹಾಗೆ ಕುಳಿತದ್ದನ್ನು ನಾನು ಕೇಳಿಲ್ಲ. ಸಲೀನಾ ಒಳಗೆ ಹೋಗಿ ಸೋರೆಬುರುಡೆ ತಂದು ಅವನ ಕೈಗಿಟ್ಟಳು.

ಅಷ್ಟರಲ್ಲಿ ಕೆಳಗಿನ ತಿರುವಿನಲ್ಲಿ ಮೋಟಾರಿನ ಸದ್ದು ಕೇಳಿತು. ಚೀಫ್ ಸಾಹೇಬರ ಮುಖ ಬಿಳಿಚಿಕೊಂಡಿತು. ಅವರು ಟೋಪಿಯನ್ನು ಎರಡು ಕೈಯಲ್ಲಿ ಹಿಡಿದು ಮುದುಕನ ಕಿವಿಯ ಹತ್ತಿರ ಬಗ್ಗಿದರು.

“ಯಜಮಾನ್ರೇ, ಜಿಲ್ಲಾಧಿಕಾರಿಗಳು ಹೂವಿನ ಹಾರ ತಗೊಂಡು ಬರ್ತಿದಾರೆ. ಭಾಷಣಾನೂ ಬರ್ಕೊಂಡಿದಾರೆ. ನನ್ನ ಕೆಲಸದ ಪ್ರಶ್ನೆ. ಜಾಸ್ತಿ ಏನೂ ಬೇಡ, ಒಳಗೆ ಮಂಚದ ಮೇಲೆ ಅರ್ಧ ಗಂಟೆ ಸುಮ್ನೆ ಮಲಗಿರಿ. ನಿಮ್ಮ ಬಗ್ಗೆ ಒಳ್ಳೇದೇ ಹೇಳ್ತಾರೆ. ಕಣ್ಣು ಮುಚ್ಕೊಂಡು ಕೇಳಿ.”

ಅರಪ್ ಚುಮೊ ಕಲ್ಲಿನ ಮೇಲಿದ್ದವನನ್ನು ನೋಡಿದ. ಅವನ ಕೈಯಲ್ಲಿ, ಬೆರಳ ತುದಿಯಲ್ಲಿ, ಬುರುಡೆ ಒಂದಿಷ್ಟೂ ಅಲುಗದೆ ನಿಂತಿತ್ತು.

“ಆಗಲ್ಲ,” ಎಂದ ಮುದುಕ, ಬುರುಡೆಗೆ ಕೈ ಚಾಚುತ್ತ. “ನಾನೀಗ ಹಾಲು ಕುಡೀಬೇಕು.”